ಚೇರಂಬಾಣೆ ರಸ್ತೆಯಲ್ಲಿ ಅರಸು

ತುಲಾ ಸಂಕ್ರಮಣಕ್ಕೆ ಎರಡೇ ದಿನ.
ಪಿ.ಡಬ್ಲ್ಯು.ಡಿ.ಯವರು ತಿರುವಿನ ಕಲ್ಲುಗಳಿಗೆಲ್ಲ
ಸುಣ್ಣ ಬಳಿದು ಹೋದರು.
ನಮ್ಮ ಬಿಳಿ ಹುಂಜ, ತನ್ನ ಕುಲದವರೇ ಎಂದು,
ಒಂದೊಂದು ಕಲ್ಲಿನ ಮುಂದೂ ನಿಂತು ಕೂಗಿತು.

ಅರಸು ಬರುತ್ತಾರಂತೆ, ತೀರ್ಥಕ್ಕೆ,
ಕಾರಿನಲ್ಲಿ.
ಚೇರಂಬಾಣೆಯಲ್ಲಿ ಇಳಿಯುತ್ತಾರಂತೆ, ಮೂರು ನಿಮಿಷ.
ಮೂರು ನಿಮಿಷಕ್ಕೆ ಬೈನೆ ಗರಿಯ ಕಮಾನು,
ಐರಿ ಚಿಣ್ಣಪ್ಪ ಮಾಡಿಕೊಟ್ಟ ಎರಡು ಮೆಟ್ಟಿಲ ಮಣೆ,
ಸೆರಾಫಿನ್ ಟೀಚರ ಹಾರ್ಮೋನಿಯಂ,
ಮತ್ತೆ ನಾವು, ನಲವತ್ತೊಂದು ಮಕ್ಕಳು.

ಹಾರ ಏಲಕ್ಕಿಯದು.
ಗೂಡಿನಿಂದ ಆಗತಾನೇ ಇಳಿದ ಹಸಿರು ಕಾಯಿ,
ನೂರಾ ಎಂಟು. ಪೋಣಿಸಿದವಳು ಅಕ್ಕ.
ಹಾಕಬೇಕಾದವಳು ನಾನು,
ಯಾಕೆಂದರೆ ಎರಡನೇ ಕ್ಲಾಸಿನಲ್ಲಿ
ಮುಂದಿನ ಹಲ್ಲು ಎರಡೂ ಇದ್ದವಳು ನಾನೊಬ್ಬಳೇ.

ಬೆಳಗಿನ ಜಾವ
ಚೆಂಬಿಗೆ ಕೆಂಡ ತುಂಬಿ ಲಂಗಕ್ಕೆ ಇಸ್ತ್ರಿ,
ಜಡೆಗೆ ಕೆಂಪು ರಿಬ್ಬನ್.
ಹೊಸ್ತಿಲು ದಾಟುವಾಗ ಅಜ್ಜಿ ಕರೆದಳು.
ಬಾಣಲೆಯ ತಳಕ್ಕೆ ಎರಡು ಬೆರಳು ಒರೆಸಿ
ನನ್ನ ಎರಡೂ ಕೆನ್ನೆಗೆ ಬಳಿದಳು.
ದೃಷ್ಟಿಬೊಟ್ಟಲ್ಲ, ಅದು ನನಗೆ ಗೊತ್ತು;
ದೃಷ್ಟಿಬೊಟ್ಟನ್ನು ಯಾರೂ ಅಷ್ಟು ಒತ್ತಿ ಇಡುವುದಿಲ್ಲ.

"ಅರಸು ದಾರಿಯಲ್ಲಿ ಹೋಗುವ ದಿನ
ಹೆಣ್ಣುಮಕ್ಕಳು ಚಂದ ಕಾಣಬಾರದು, ಕೂಸೇ."

ಯಾವ ಅರಸು? ಹೆಸರು ಹೇಳಲಿಲ್ಲ.
ಅವಳಿಗೂ ಗೊತ್ತಿರಲಿಲ್ಲ.
ಅವಳ ಕೆನ್ನೆಗೆ ಅವಳಜ್ಜಿ ಬಳಿದಿದ್ದಳು,
ಆ ಅಜ್ಜಿಯ ಅಜ್ಜಿಯನ್ನು ಯಾರೋ ಒಂದು ರಾತ್ರಿ
ಅಟ್ಟದ ಮೇಲೆ, ಪತ್ತಾಯದೊಳಗೆ ಕೂರಿಸಿ
ಮೇಲಿಂದ ಭತ್ತ ಸುರಿದಿದ್ದರಂತೆ, ಮೂಗಿನವರೆಗೆ.
ಕುದುರೆಗಳ ಸದ್ದು ಹೊಳೆ ದಾಟುವ ತನಕ
ಆಕೆ ಕೆಮ್ಮಲಿಲ್ಲ.
ಆಮೇಲೆ ಸಾಯುವ ತನಕ ಕೆಮ್ಮಿದಳು.

ಸ್ಕೂಲಿನ ಹತ್ತಿರ ಟೀಚರು ನೋಡಿದರು.
"ಜೆಜು! ಇದೇನು ಅವತಾರ!" ಎಂದು
ಸೆರಗಿನ ತುದಿಗೆ ಉಗುಳು ಹಚ್ಚಿ ಉಜ್ಜಿದರು.
ಬಲಗೆನ್ನೆಯದು ಹೋಯಿತು.
ಎಡಗೆನ್ನೆಯದು ಸ್ವಲ್ಪ ಕಿವಿಯ ಕಡೆ ಸರಿಯಿತು, ಅಷ್ಟೆ.

ನಿಂತೆವು.
ಇಬ್ಬನಿ ಆರಿತು, ನಿಂತೆವು.
ಭಾಗಮಂಡಲದ ಬಸ್ಸು ಬಂತು, ಅಭ್ಯಾಸಕ್ಕೆಂದು ಬಾವುಟ ಬೀಸಿದೆವು;
ಡ್ರೈವರ್ ಮಮ್ಮದಾಲಿ ಥೇಟು ಅರಸನಂತೆ ಕೈ ಎತ್ತಿದ.
ಉಚ್ಚೆ ಬಂತು ಎಂದ ಪೂವಯ್ಯನಿಗೆ
ತಡಿ, ಈಗ ಬಂದುಬಿಡ್ತಾರೆ, ಎಂದರು.
ಅವನು ತಡೆಯಲಿಲ್ಲ.
ನಾನು ಹಾರದಿಂದ ಒಂದು ಕಾಯಿ ಕಚ್ಚಿ ತಿಂದೆ.
ಆಮೇಲೆ ಇನ್ನೊಂದು.

ಬಂದದ್ದು ಮಧ್ಯಾಹ್ನ ದಾಟಿ.
ಮೊದಲು ಜೀಪು, ಹಿಂದೆ ಧೂಳು,
ಧೂಳಿನೊಳಗೆ ಒಂದು ಕಪ್ಪು ಕಾರು,
ಕಾರಿನ ಕಿಟಕಿಯಲ್ಲಿ ಬೆಳ್ಳನೆಯ ಒಂದು ಕೈ.
ಉಂಗುರವಿತ್ತೇ? ಇತ್ತು ಎನ್ನುತ್ತಾಳೆ ಅಕ್ಕ.
ನಾನು ಕಂಡದ್ದು ಗಾಜಿನಲ್ಲಿ
ನನ್ನದೇ ಮುಖ, ಮಸಿಯ ಸಮೇತ,
ಆ ಕೈಯ ಮೇಲೆ ಒಂದು ಕ್ಷಣ ಕೂತು ಹೋದದ್ದು.

ಇಳಿಯಲಿಲ್ಲ.
ಹಾರ್ಮೋನಿಯಂ ಮಾತ್ರ ಹಾಡನ್ನು ಪೂರ್ತಿ ಮುಗಿಸಿತು.

ಮಣೆ ಪೋಸ್ಟಾಫೀಸಿಗೆ ಹೋಯಿತು,
ಮೇಲಿನ ಕಪಾಟು ಎಟುಕದ ಪೋಸ್ಟ್‌ಮಾಸ್ತರರಿಗೆ.
ನೂರಾ ಆರು ಏಲಕ್ಕಿ ಹುತ್ತರಿಯ ಪಾಯಸಕ್ಕೆ.
ಮಡಿಕೇರಿಯ ಫೋಟೊದವನು ತೆಗೆದ ಚಿತ್ರ
ಸ್ಕೂಲಿನ ಆಫೀಸಿನಲ್ಲಿ ಈಗಲೂ ಇದೆ:
ಕಾರು ಇರಬೇಕಾದಲ್ಲಿ ಒಂದು ಮಸುಕು,
ಪಕ್ಕದಲ್ಲಿ ಹಾರ ಹಿಡಿದ ಹುಡುಗಿ.
ಅವಳ ಕೆನ್ನೆಯದನ್ನು ಬೂಷ್ಟು ಎಂದುಕೊಂಡು
ಯಾರೋ ಹೆಡ್‌ಮಾಸ್ತರರು ಬ್ಲೇಡಿನಲ್ಲಿ ಕೆರೆದಿದ್ದಾರೆ.

ಆ ರಾತ್ರಿ ಅಜ್ಜಿ ಕೇಳಿದಳು:
ಅರಸು ನೋಡಿದನಾ ನಿನ್ನ?
ಇಲ್ಲ, ಎಂದೆ. ಅಳು ಬರುತ್ತಿತ್ತು.
ಅವಳು ಅಂದು ಉಂಡಷ್ಟು ಅನ್ನ
ಮತ್ತೆಂದೂ ಉಂಡದ್ದನ್ನು ನಾನು ಕಾಣೆ.